ದಾಜಿಯ ಕ್ಯೂಬು, ನನ್ನ ಹತ್ತು ಗಂಟೆ ಐದು ನಿಮಿಷ

ಎಳ್ಳಮಾವಾಸ್ಯೆಯ ಮರುದಿನ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಹಾಜರಿದ್ದವರು: ಉಮರ್ಗಾದ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ನಾನು, ಉದಗೀರದ ಆಫೀಸಿನಲ್ಲಿ ಫೋನು ಹಿಡಿದುಕೊಂಡು ನನ್ನ ಅಕ್ಕನ ಮಗಳು ಶೈಲಾ, ನಿಲಂಗಾದ ಶೆಡ್ಡಿನಲ್ಲಿ ಕಾಂಕ್ರೀಟು ಒಡೆಯುವ ಯಂತ್ರ. ಗೈರುಹಾಜರು: ಶೈಲಾಳ ಅಪ್ಪ, ಅಂದರೆ ನನ್ನ ಅಕ್ಕನ ಗಂಡ, ಅಂದರೆ ನಮ್ಮ ದಾಜಿ. ಅಕ್ಕನ ಗಂಡನಿಗೆ ಮರಾಠಿಯವರ ಹಾಗೆ ದಾಜಿ ಅನ್ನುವುದು ನಮ್ಮ ಕಡೆಯ ರೂಢಿ.

ಹಾಜರಿ ಹಾಕದೆ ನನಗೆ ಒಂದು ಸಾಲೂ ಬರೆಯಲು ಬರುವುದಿಲ್ಲ. ಅದಕ್ಕೇ ಮೊದಲು ಅದನ್ನು ಮುಗಿಸಿದ್ದೇನೆ. ಆ ದಿನ ಒಡೆಯಬಾರದ್ದೊಂದು ಒಡೆಯಿತು, ಒಡೆದವಳು ನಾನು. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದು ದಾಜಿಯ ಪುರಾಣ.

ನಮ್ಮ ದಾಜಿ ಕಾಂಕ್ರೀಟಿನ ಜೊತೆ ಮಾತಾಡುತ್ತಾರೆ ಎಂದು ನಿಲಂಗಾದಲ್ಲಿ ಒಂದು ಸುದ್ದಿಯಿದೆ. ಶುದ್ಧ ಸುಳ್ಳು! ಮಾತಾಡುವುದು ಕಾಂಕ್ರೀಟು. ದಾಜಿ ಕಿವಿಗೊಟ್ಟು ಕೇಳುತ್ತಾರೆ, ನಡುನಡುವೆ ಬೈಯುತ್ತಾರೆ, ಅಷ್ಟೇ. ಎಪ್ಪತ್ತು ದಾಟಿದ ಮನುಷ್ಯ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ತಲೆಯ ಮೇಲೆ ಬಿಳಿ ಟೋಪಿ, ಒಂದು ಕಿವಿಯನ್ನು ಕಂಬಕ್ಕೋ ಗೋಡೆಗೋ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಹೊಸಬರು ಪಾಪ ಮುದುಕನಿಗೆ ತಲೆ ಸುತ್ತಿತು ಎಂದು ನೀರು ತರಲು ಓಡುತ್ತಾರೆ. ಹಳಬರು ಸುಮ್ಮನೆ ಪಕ್ಕಕ್ಕೆ ಸರಿದು ಹೋಗುತ್ತಾರೆ.

ನಮ್ಮ ಉಮರ್ಗಾದ ಮನೆಯ ವಾಸ್ತುಶಾಂತಿಗೆ ಬಂದವರು ಊಟಕ್ಕೆ ಕೂರಲಿಲ್ಲ. ಪಡಸಾಲೆಯ ಕಂಬಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಮೂರನೆಯ ಕಂಬದ ಹತ್ತಿರ ನಿಂತರು.

"ಇದರ ಹೊಟ್ಟಿಯಾಗ ಗಾಳಿ ಅದ."

"ದಾಜಿ, ಎಲಿ ಹಾಕ್ಯಾರ. ಕಂಬದ ಹೊಟ್ಟಿ ಆಮ್ಯಾಲ ನೋಡ್ರಿ, ಮೊದಲ ನಿಮ್ಮ ಹೊಟ್ಟಿ ನೋಡ್ಕೋರಿ" ಎಂದೆ ನಾನು.

"ನನ್ನ ಹೊಟ್ಟಿ ಖಾಲಿ ಇದ್ರ ನಾ ಒಬ್ಬಾವ ಬೀಳ್ತೀನಿ, ಬಾಯಿಸಾಬ. ಇದರ ಹೊಟ್ಟಿ ಖಾಲಿ ಇದ್ರ ನೀವೆಲ್ಲಾರೂ ಬೀಳ್ತೀರಿ!" ನನ್ನನ್ನು ಅವರು ಕರೆಯುವುದೇ ಬಾಯಿಸಾಬ ಎಂದು.

ಪಂಕ್ತಿಯಲ್ಲಿ ಕುಳಿತಿದ್ದ ಬೀಗರು ತುತ್ತು ಕೈಯಲ್ಲೇ ಹಿಡಿದು ಮೇಲೆ ನೋಡಿದರು. ಎರಡು ಮಳೆಗಾಲ ಕಳೆದ ಮೇಲೆ ಆ ಕಂಬ ಬಿರುಕು ಬಿಟ್ಟಿತು. ಮಿಸ್ತ್ರಿ ಒಡೆದು ನೋಡಿದರೆ ಒಳಗೆ ಒಂದು ಖಾಲಿ ಸಿಮೆಂಟು ಚೀಲ ಸುಖವಾಗಿ ಮಲಗಿತ್ತು. ನಾನು ದಾಜಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಅವರನ್ನು ಹಿಡಿಯುವವರು ಯಾರು?

ಅವರ ಕಸುಬೇ ಅದು. ಒಂದು ಕಟ್ಟಡದ ಕೆಲಸ ನಡೆದಾಗ ಅಲ್ಲಿಯ ಕಾಂಕ್ರೀಟಿನಲ್ಲೇ ನಾಲ್ಕು ಬೊಗಸೆ ತೆಗೆದು ಕಬ್ಬಿಣದ ಅಚ್ಚಿಗೆ ತುಂಬುತ್ತಾರೆ. ಮರುದಿನ ಅಚ್ಚು ಬಿಚ್ಚಿದರೆ ಗೇಣಿಗಿಂತ ತುಸು ಸಣ್ಣದಾದ ಚೌಕ ಗಡ್ಡೆ. ಅದೇ ಕ್ಯೂಬು. ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು, ಒಡೆಯುವ ತನಕ ಒತ್ತುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತೋ ಅದರ ಮೇಲೆ ಕಟ್ಟಡ ಪಾಸು ಅಥವಾ ನಾಪಾಸು. ದಾಜಿ ಸರ್ಕಾರಿ ಕೆಲಸದಲ್ಲಿದ್ದಷ್ಟು ವರ್ಷವೂ ಇದನ್ನೇ ಮಾಡಿದರು. ನಿವೃತ್ತರಾದ ಮೇಲೆ, ಇಂಜಿನಿಯರಾದ ಮಗಳು ಶೈಲಾ ಸ್ವಂತ ಪ್ರಯೋಗಾಲಯ ತೆರೆದಾಗ, ನಿಲಂಗಾದ ತಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಯಂತ್ರ ಇಡಿಸಿಕೊಂಡು ಮತ್ತೆ ಅದನ್ನೇ ಮಾಡಿದರು.

ಮುರುಮ ಊರಿನ ಗುತ್ತಿಗೆದಾರನೊಬ್ಬ ಒಮ್ಮೆ ಮೂರು ಕ್ಯೂಬು ತಂದ. ದಾಜಿ ಒಂದನ್ನು ಎತ್ತಿ ಮಗುವನ್ನು ತೂಗಿದಂತೆ ತೂಗಿದರು.

"ಇವು ಇನ್ನಾ ಎಳೀವ್ ಅವ. ಇಪ್ಪತ್ತೆಂಟು ದಿನ ಆಗಿಲ್ಲ."

"ಆಗ್ಯಾವ್ರೀ ಸಾಹೇಬ್ರ! ಮ್ಯಾಲ ತಾರೀಖ ಬರ್ದೀನಲ್ರೀ!"

"ತಾರೀಖ ಬರ್ದಾವ ನೀ. ಹುಟ್ಟಿದ್ದು ಅದು. ಅದಕ್ಕ ಗೊತ್ತಿರ್ತದೋ, ನಿನಗ ಗೊತ್ತಿರ್ತದೋ?"

ದಾಜಿ ಅವನಿಗೆ ಚಹಾ ಕುಡಿಸಿ, ಕ್ಯೂಬುಗಳನ್ನು ತಮ್ಮ ತೊಟ್ಟಿಗೆ ಇಳಿಸಿಕೊಂಡು, "ಸೋದರಮಾವನ ಮನಿಗಿ ಬಂದಾವಂತ ತಿಳ್ಕೊ. ಹತ್ತು ದಿನ ಇರ್ಲಿ, ಗಟ್ಟಿ ಆಗ್ತಾವ" ಎಂದು ಕಳಿಸಿದರು. ಹೀಗೆ ಮಾಡಿದರೆ ಧಂಧೆ ನಡೆಯುತ್ತದೆಯೇ? ಶೈಲಾ ತಲೆ ಹಿಡಿದುಕೊಂಡಳು.

ಇನ್ನು ದಾಜಿಯ ಸ್ವಂತ ಕ್ಯೂಬು. ಈ ಬರಹ ಇರುವುದೇ ಅದರ ಸಲುವಾಗಿ.

ನಿಲಂಗಾದಲ್ಲಿ ಅವರು ಮನೆ ಕಟ್ಟಿಸಿದಾಗ ಶೈಲಾ ಇನ್ನೂ ಶಾಲೆಯ ಹುಡುಗಿ. ಸ್ಲ್ಯಾಬು ಹಾಕುವ ದಿನ ನಾನೂ ಹೋಗಿದ್ದೆ. ಅಕ್ಕ ಮೂವತ್ತು ಮಂದಿ ಕೂಲಿಗಳಿಗೆ ಹೋಳಿಗೆ ಮಾಡಿದ್ದಳು. ಸ್ಲ್ಯಾಬು ಮುಗಿಯಿತು, ಕೂಲಿಗಳು ಕೈಕಾಲು ತೊಳೆದುಕೊಂಡು ಬಂದು ಕುಳಿತರು. ಯಜಮಾನರು ಎಲ್ಲಿ? ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಆಫೀಸಿನಿಂದ ಬೇಡಿ ತಂದ ಒಂದೇ ಒಂದು ಅಚ್ಚಿಗೆ ತಮ್ಮ ಮನೆಯ ಕಾಂಕ್ರೀಟು ತುಂಬಿ, ಕರಣಿಯಿಂದ ಮೇಲ್ಭಾಗವನ್ನು ನುಣುಪು ಮಾಡುತ್ತಿದ್ದರು. ಅಕ್ಕ ಒಮ್ಮೆ ಕರೆದಳು, ಎರಡು ಸಲ ಕರೆದಳು. ಮೂರನೆಯ ಸಲ ಸೆರಗು ಸಿಕ್ಕಿಸಿಕೊಂಡು ಬಂದು, "ಮಂದಿ ಹಸ್ದು ಕುಂತಾರ! ಊಟಕ್ಕ ಏಳ್ತೀರೋ ಇಲ್ಲೋ?" ಎಂದು ಆ ಹಸಿ ಕ್ಯೂಬಿನ ಮೇಲೆ ಛಟ್ಟನೆ ಒಂದು ಏಟು ಹಾಕಿದಳು. ಐದು ಬೆರಳು, ಅಂಗೈಯ ಗೆರೆ, ಹಸಿರು ಬಳೆಯ ಅಂಚು, ಎಲ್ಲವೂ ಒತ್ತಿಕೊಂಡವು.

"ನೋಡು, ನಿಮ್ಮಕ್ಕ ಸ್ಯಾಂಪಲ್ ಕೆಡಿಸಿದ್ಲು! ಇದು ಇನ್ನ ಪರೀಕ್ಷಾಕ್ಕ ನಡಿಯಂಗಿಲ್ಲ" ಎಂದು ದಾಜಿ ನನ್ನ ಮುಂದೆ ದೂರು ಹೇಳಿದರು. ಆದರೆ ಅಚ್ಚು ಬಿಚ್ಚಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಒರೆಸಿ ತಂದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಅಕ್ಕ ಇರುವ ತನಕ ಅದು ಕಾಗದದ ಮೇಲಿನ ಭಾರ. ಆರು ವರ್ಷದ ಹಿಂದೆ ಅಕ್ಕ ಹೋದಳು. ಅವಳು ಫೋಟೋ ತೆಗೆಸಿಕೊಳ್ಳುವಾಗ ಮುಖ ತಿರುಗಿಸುವವಳು. ಹೀಗಾಗಿ ನೆಟ್ಟಗಿರುವ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಕ್ಯೂಬು ಮಾತ್ರ ಉಳಿಯಿತು.

ಅದು ಹೋಗಿ ಯಂತ್ರದ ಬಾಯಿ ಸೇರಿದ್ದು ಹೇಗೆ? ನಮ್ಮ ಮನೆಗಳಲ್ಲಿ ಖಾಲಿ ತೊಟ್ಟಿಲು ತೂಗಬಾರದು, ಖಾಲಿ ಬೀಸುವ ಕಲ್ಲು ತಿರುಗಿಸಬಾರದು ಎನ್ನುತ್ತಾರಲ್ಲ, ದಾಜಿ ಅದನ್ನು ಯಂತ್ರದ ತನಕ ಎಳೆದುಕೊಂಡು ಹೋದರು. ಸಂಜೆ ಕೆಲಸ ಮುಗಿದ ಮೇಲೆ ಯಂತ್ರದ ಬಾಯಿ ಖಾಲಿ ಬಿಡಬಾರದಂತೆ! ಇಡಲು ಬೇರೆ ಕ್ಯೂಬು ಎಲ್ಲಿದೆ, ಉಳಿದವೆಲ್ಲ ಒಡೆದಿರುತ್ತವೆ, ಇಲ್ಲವೇ ನೀರಿನ ತೊಟ್ಟಿಯಲ್ಲಿರುತ್ತವೆ. ಅದಕ್ಕೆ ಮೇಜಿನ ಮೇಲಿನದನ್ನೇ ಎತ್ತಿ ತಟ್ಟೆಗಳ ನಡುವೆ ಇಡುತ್ತಿದ್ದರು. ಬೆಳಿಗ್ಗೆ ಬಂದು ಯಂತ್ರಕ್ಕೆ ವಿಭೂತಿ ಹಚ್ಚಿ, ಕ್ಯೂಬು ತೆಗೆದು ಒರೆಸಿ ಮೇಜಿನ ಮೇಲೆ ಇಡುತ್ತಿದ್ದರು.

"ದಾಜಿ, ಹುಲಿ ಬಾಯಾಗ ಹಸುವಿನ ಕರ ಇಡ್ತೀರಲ್ರೀ" ಎಂದಿದ್ದೆ ನಾನು.

"ಹುಲಿ ನಂದೇ ಅದ. ನಾ ಹೇಳ್ದ ಹೊರ್ತು ಬಾಯಿ ಮುಚ್ಚಂಗಿಲ್ಲ" ಎಂದಿದ್ದರು ಅವರು.

ಹೌದು, ಆಗ ಹುಲಿ ಅವರದೇ ಇತ್ತು.

ಈಗ ನನ್ನ ವಿಷಯ. ಮೂವತ್ತೆರಡು ವರ್ಷ ನಾನು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯ ನೋಡಿಕೊಂಡವಳು. ಗಂಟೆ ಬಾರಿಸಿದ ಮೇಲೆ ಒಳಗೆ ಬಂದ ವಿದ್ಯಾರ್ಥಿಯ ಮುಖವನ್ನು ನಾನು ನೋಡಿಯೇ ಇಲ್ಲ. ನೋಡುವ ಮೊದಲೇ ಬಾಗಿಲು ಹಾಕಿರುತ್ತಿದ್ದೆ. ನಿವೃತ್ತಳಾದ ಮೇಲೆ ಒಮ್ಮೆ ಹಾಲಿನವನು ಏಳು ನಿಮಿಷ ತಡವಾಗಿ ಬಂದ. ಬಾಗಿಲು ತೆರೆಯಲಿಲ್ಲ. ಅವತ್ತು ಕರಿ ಚಹಾ ಕುಡಿದೆ. ಆದರೆ ಸಮಯಕ್ಕೆ ಸರಿಯಾಗಿ ಕುಡಿದೆ!

ಇಂಥವಳಿಗೆ ಶೈಲಾ ಒಂದು ದಿನ ಫೋನು ಮಾಡಿದಳು.

"ಮಾವಶಿ, ಅಪ್ಪನ ಕೈಯಾಗ ಬಿಟ್ರ ದಿನಕ್ಕ ಮೂರು ಕ್ಯೂಬ್ ಒಡಿಯಂಗಿಲ್ಲ. ನಡುವ ಮಷೀನ ನಿಲ್ಲಿಸಿ ಕಿವಿ ಹಚ್ತಾರ. ಮಂದಿ ನಮ್ಮ ರಿಪೋರ್ಟ್ ಬ್ಯಾಡ ಅನ್ಲತ್ತಾರ. ಹೊಸ ಮಷೀನ ತರ್ಸೀನಿ, ಕಂಪ್ಯೂಟರಲಿಂದ ನಡೀತದ. ನಾ ಊರೂರು ತಿರುಗಾಕಿ. ನೀ ಮನಿಯಾಗ ಕುಂತೇ ನಡಸ್ತೀ ಏನು?"

ಕೇಳಬೇಕೆ? ಮರುದಿನವೇ ಕನ್ನಡಕ ಒರೆಸಿಕೊಂಡು ಕುಳಿತೆ. ಉಮರ್ಗಾದಲ್ಲಿ ನಾನು ಗುಂಡಿ ಒತ್ತಿದರೆ ನಿಲಂಗಾದಲ್ಲಿ ಯಂತ್ರ ಒತ್ತುತ್ತದೆ. ಪರದೆಯ ಎಡಗಡೆ ಭಾರದ ಅಂಕಿ ಏರುತ್ತಾ ಹೋಗುತ್ತದೆ. ಬಲಗಡೆ ಕ್ಯಾಮೆರಾದಲ್ಲಿ ಯಂತ್ರವೂ ದಾಜಿಯೂ ಕಾಣುತ್ತಾರೆ. ಕ್ಯೂಬು ಒಡೆದ ಕೂಡಲೇ ಅಂಕಿ ತಾನಾಗಿ ದಾಖಲಾಗುತ್ತದೆ. ನಾನು ಕಂಪ್ಯೂಟರಿನಿಂದ ಯಂತ್ರವನ್ನು ಹಿಡಿದುಕೊಂಡಿರುವಷ್ಟು ಹೊತ್ತು ಯಂತ್ರದ ಮೈಮೇಲಿನ ಗುಂಡಿಗಳಿಗೆ ಜೀವ ಇರುವುದಿಲ್ಲ. ತುರ್ತಿಗೆಂದು ಕೆಂಪು ಗುಂಡಿ ಒಂದು ಮಾತ್ರ ಕೆಲಸ ಮಾಡುತ್ತದೆ. ದಾಜಿಯ ಪಾಲಿಗೆ ಉಳಿದದ್ದು ಕ್ಯೂಬು ಇಡುವುದು, ಚೂರು ಬಳಿಯುವುದು.

ಮೊದಲ ದಿನ ಅವರು ಹಸಿರು ಗುಂಡಿಯನ್ನು ಒತ್ತಿದರು. ಮತ್ತೆ ಒತ್ತಿದರು. ಉಗುರಿನಿಂದ, ಹೆಬ್ಬೆರಳಿನಿಂದ, ಕೊನೆಗೆ ಟೋಪಿ ತೆಗೆದು ಅದರ ಅಂಚಿನಿಂದ ಒತ್ತಿದರು. ಆಮೇಲೆ ಕ್ಯಾಮೆರಾದ ಕಡೆ ತಿರುಗಿದರು.

"ಬಾಯಿಸಾಬ, ಇದು ಸತ್ತದ."

"ಸತ್ತಿಲ್ರೀ ದಾಜಿ. ಈಗ ನನ್ನ ಮಾತು ಕೇಳ್ತದ."

"ಅದಕ್ಕೇ ಅಂದೆ, ಸತ್ತದ ಅಂತ."

ನಗು ಬಂತು. ಆದರೆ ಕೆಲಸದ ಹೊತ್ತಿನಲ್ಲಿ ನಗುವುದು ನನ್ನ ಪದ್ಧತಿಯಲ್ಲ. "ಇಡ್ರಿ ಮೊದಲನೇ ಕ್ಯೂಬು" ಎಂದೆ.

ಮೊದಲು ನಾವು ಮಾಡಿಕೊಂಡ ಕ್ರಮ ಹೀಗಿತ್ತು: ಕ್ಯೂಬು ಇಟ್ಟ ಮೇಲೆ ದಾಜಿ "ಹೂಂ" ಅನ್ನಬೇಕು, ಆಮೇಲೆ ನಾನು ಶುರು ಮಾಡಬೇಕು. ಎಷ್ಟು ಸರಳ! ಆದರೆ ದಾಜಿಯ ಬಾಯಿಂದ ಒಂದು ಹೂಂ ಹೊರಬೀಳಲು ಹತ್ತು ನಿಮಿಷ ಹಿಡಿಯುತ್ತಿತ್ತು. ಕ್ಯೂಬು ವಲಾಂಡಿಯ ಗುಡಿಯದ್ದಾದರೆ ಗುಡಿಯ ಕತೆ, ಸೇತುವೆಯದ್ದಾದರೆ ಆ ಹಳ್ಳದ ಕತೆ, ಆ ಹಳ್ಳದಲ್ಲಿ ಕೊಚ್ಚಿಕೊಂಡು ಹೋದ ಬೀರಪ್ಪನ ಭಕ್ತರ ಕುರಿಯ ಕತೆ, ಆ ಕುರಿ ಮರುದಿನ ತಾನೇ ನಡೆದು ಮನೆಗೆ ಬಂದ ಕತೆ! ಹದಿನೈದು ದಿನ ಸಹಿಸಿದೆ. ಹದಿನಾರನೆಯ ದಿನ ಅವರ ಕಡೆಯ ದನಿಯನ್ನು ಬಂದ್ ಮಾಡಿದೆ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಸಾಕು, ಎಪ್ಪತ್ತು ವರ್ಷದ ಮನುಷ್ಯ ಮೂಕನಾಗುತ್ತಾನೆ. ಇನ್ನು ಮೇಲೆ ಹೂಂ ಬೇಡ. ಯಂತ್ರದ ಜಾಳಿಗೆಯ ಬಾಗಿಲು ಮುಚ್ಚಿ ಹಸಿರು ದೀಪ ಹೊತ್ತಿದರೆ ಅದೇ ಹೂಂ ಎಂದು ಹೊಸ ನಿಯಮ ಬರೆದು ಕಳಿಸಿದೆ.

ದಾಜಿ ಏನು ಕಮ್ಮಿ? ನಾಲ್ಕೇ ದಿನಕ್ಕೆ ನನ್ನ ನಿಯಮದ ಕೀಲಿ ಕಂಡುಹಿಡಿದರು. ಬಾಗಿಲು ಒಂದು ಬೆರಳಷ್ಟು ತೆರೆದಿದ್ದರೂ ಯಂತ್ರ ಶುರುವಾಗುವುದಿಲ್ಲವಲ್ಲ! ಕ್ಯೂಬು ಇಟ್ಟು, ಬಾಗಿಲು ಒಂದು ಬೆರಳು ತೆರೆದು, ಕ್ಯಾಮೆರಾದ ಎದುರು ಸ್ಟೂಲು ಹಾಕಿಕೊಂಡು ಕುಳಿತು ನಿಧಾನವಾಗಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಇಲ್ಲಿ ಗುಂಡಿ ಒತ್ತಿ ಒತ್ತಿ ಸುಸ್ತಾಗಬೇಕು. ಫೋನು ಮಾಡಿದರೆ ಮುಗ್ಧತೆ!

"ಗಾಳಿ ಆಡ್ಲಿ ಅಂತ ಬಿಟ್ಟೀನಿ. ಕ್ಯೂಬಿಗಿ ಸೆಖಿ ಆಗ್ತದ."

"ಡಿಸೆಂಬರ್ ತಿಂಗಳದಾಗ ಸೆಖಿ ಏನ್ರೀ ದಾಜಿ?"

"ನಿನ್ನ ಮುಂದ ನಿಂತ್ರ ನನಗೂ ಆಗ್ತದ. ಅದಕ್ಕ ಆಗಬಾರದೇನು?"

ನಾನು ಸೋಲುವವಳೇ? ಇನ್ನೊಂದು ನಿಯಮ ಬರೆದೆ: 'ಯಂತ್ರದೊಳಗೆ ಧೂಳು ಹೋಗುತ್ತದೆ. ಹಗಲಿರಲಿ, ಕೆಲಸ ಮುಗಿದ ಮೇಲಿರಲಿ, ಬಾಗಿಲು ಸದಾ ಮುಚ್ಚಿರಬೇಕು.' ಶೈಲಾಳಿಂದ ಸಹಿ ಹಾಕಿಸಿ ಗೋಡೆಗೆ ಅಂಟಿಸಲು ಹೇಳಿದೆ. ದಾಜಿ ಅಂಟಿಸಿದರು. ಆವತ್ತಿನಿಂದ ಸಂಜೆ ಅಕ್ಕನ ಕ್ಯೂಬನ್ನು ಯಂತ್ರದ ಬಾಯಿಗಿಟ್ಟ ಮೇಲೆ ಬಾಗಿಲನ್ನೂ ಮುಚ್ಚತೊಡಗಿದರು. ನಿಯಮ ನಿಯಮವೇ ಅಲ್ಲವೆ? ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದು ಅದನ್ನು ತೆಗೆದು, ಪರೀಕ್ಷೆಯ ಕ್ಯೂಬು ಇಡುವರು. ಹತ್ತು ಗಂಟೆ ಐದು ನಿಮಿಷಕ್ಕೆ ನಾನು ಶುರು ಮಾಡುವೆ. ಹನ್ನೆರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ನನ್ನ ಶಿಸ್ತಿಗೆ ಯಂತ್ರ ಬಗ್ಗಿತು, ದಾಜಿ ಬಗ್ಗಿದರು. ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಒಲೆಯ ಮೇಲೆ ಬೆಂದದ್ದೆಲ್ಲ ಹೊಲಕ್ಕೇ ಹೋಗುತ್ತದೆ. ಭಜ್ಜಿ, ಸಜ್ಜೆಯ ರೊಟ್ಟಿ, ಮಡಕೆ ತುಂಬ ಅಂಬಿಲ. ಇಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಅವರೆ, ಕಡಲೆ, ಬಟಾಣಿ, ಹೊಲದಲ್ಲಿ ಸಿಕ್ಕ ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ್ದು. ದಾಜಿ ಒಂದು ವಾರ ಮೊದಲೇ ಫೋನು ಮಾಡಿದರು.

"ಹೊಲಕ್ಕ ಬಾ. ನಿಮ್ಮಕ್ಕ ಹೋದ ಮ್ಯಾಲ ನೀ ಒಂದು ವರ್ಷನೂ ಬಂದಿಲ್ಲ."

"ಮರುದಿನ ಗುಂಜೋಟಿ ಸಾಲಿ ಕ್ಯೂಬು ಅವ, ದಾಜಿ. ಅವತ್ತಿಗೇ ಇಪ್ಪತ್ತೆಂಟು ದಿನ ತುಂಬ್ತಾವ. ಹತ್ತು ಐದಕ್ಕ ನಾ ಕೂಡಬೇಕು."

"ಹೊಲದಾಗ ಉಂಡು ಹೊತ್ತು ಮುಣುಗೂದ್ರಾಗ ಬಸ್ಸು ಹಿಡದ್ರ ಮನಿ ಮುಟ್ತೀ."

"ನನ್ನ ಹೊತ್ತು ತಪ್ತದ್ರೀ."

"ಇರ್ಲಿ ಬಿಡು. ನಿನ್ನ ಹೊತ್ತು ನೀ ಸಂಭಾಳಿಸ್ಕೊ" ಎಂದು ಫೋನು ಇಟ್ಟರು.

ಈಗ ಮೇಲೆ ಹಾಜರಿ ಹಾಕಿದ ದಿನ. ಹತ್ತು ಗಂಟೆ ಎರಡು ನಿಮಿಷಕ್ಕೆ ಕಂಪ್ಯೂಟರು ತೆರೆದೆ. ಯಂತ್ರದ ಬಾಯಲ್ಲಿ ಕ್ಯೂಬು ಇತ್ತು, ಬಾಗಿಲು ಮುಚ್ಚಿತ್ತು, ಹಸಿರು ದೀಪ ಹೊತ್ತಿತ್ತು. ದಾಜಿ ಇರಲಿಲ್ಲ. ಇರಬಾರದೆಂದೇ ನನ್ನ ನಿಯಮ ಹೇಳುತ್ತದೆ: ಒತ್ತುವಾಗ ಯಂತ್ರದ ಹತ್ತಿರ ಯಾರೂ ನಿಲ್ಲಬಾರದು. ಅಂತೂ ಕಲಿತರಲ್ಲ ಎಂದುಕೊಂಡೆ.

"ಮಾವಶಿ, ಗುಂಜೋಟಿದವ್ರು ಹನ್ನೊಂದಕ್ಕ ರಿಪೋರ್ಟ್ ಕೇಳ್ಯಾರ. ಅಪ್ಪ ಎಲ್ಲಿ? ಫೋನ್ ಎತ್ತವಲ್ರು" ಎಂದಳು ಶೈಲಾ.

"ಎಲ್ಲ ತಯಾರದ. ಹೊರಗ ಅಡಿಕಿ ತಿನ್ಲಿಕ್ಕ ನಿಂತಿರ್ತಾರ" ಎಂದೆ.

ಪರೀಕ್ಷೆಯ ಕ್ಯೂಬಿನ ಮೈಮೇಲೆ ಕೆಂಪು ಬಣ್ಣದಲ್ಲಿ ನಂಬರು ಇರುತ್ತದೆ. ಇದರ ಮೇಲೆ ಕಾಣಲಿಲ್ಲ, ಕ್ಯಾಮೆರಾದ ಕಡೆ ಬರೀ ಬೋಳು ಮಗ್ಗುಲು. ನಂಬರು ಕಾಣದಿದ್ದರೆ ಕೈ ಹಿಂದೆ ತೆಗೆದುಕೋ ಎಂದು ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದವಳು ನಾನೇ. ಆ ಮಕ್ಕಳಲ್ಲಿ ಯಾರನ್ನಾದರೂ ಕರೆದು ಕೇಳಿ, ಬಾಯಿಪಾಠ ಒಪ್ಪಿಸುತ್ತಾರೆ. ನಂಬರು ಆಚೆ ಮಗ್ಗುಲಿಗೆ ಇರಬೇಕು ಎಂದುಕೊಂಡೆ. ಗಡಿಯಾರದ ಕಡೆ ನೋಡಿದೆ. ಹತ್ತು ಗಂಟೆ ಐದು ನಿಮಿಷ. ಒತ್ತಿದೆ.

ಅಂಕಿ ಏರಿತು. ಗುಂಜೋಟಿ ಶಾಲೆಗೆ ನಾಲ್ಕುನೂರೈವತ್ತು ಕಿಲೋನ್ಯೂಟನ್ ಬಂದರೆ ಸಾಕಿತ್ತು. ಐನೂರು ದಾಟಿತು. ಆರುನೂರು ದಾಟಿತು. "ಅಬ್ಬಾ, ಭಾರಿ ಕಾಂಕ್ರೀಟು ಹಾಕ್ಯಾರ ನೋಡು ಶೈಲಾ!" ಎಂದು ಹೊಗಳಿದೆ ಕೂಡ. ಏಳುನೂರಾ ಹನ್ನೆರಡಕ್ಕೆ ಅಂಕಿ ನಿಂತು, ಕೆಳಗೆ ಬಿತ್ತು. ಪರದೆಯಲ್ಲಿ ಕ್ಯೂಬಿನ ಮಗ್ಗುಲುಗಳು ಸದ್ದಿಲ್ಲದೆ ಸಿಡಿದವು. ಧೂಳು ಇಳಿಯಿತು. ಧೂಳಿನ ಹಿಂದೆ, ಮೂಲೆಯ ಬೆಂಚಿನ ಮೇಲೆ, ಕೆಂಪು ನಂಬರಿನ ಮೂರು ಕ್ಯೂಬುಗಳು ಸಾಲಾಗಿ ಕುಳಿತಿದ್ದವು. ಎಣಿಸಿದೆ. ಮತ್ತೆ ಎಣಿಸಿದೆ. ಮೂರೇ.

ಶೈಲಾಳ ಫೋನಿನ ನಡುವೆಯೇ ಇನ್ನೊಂದು ಫೋನು ಬಂತು. ದಾಜಿ!

"ಬಾಯಿಸಾಬ, ನಾ ಬಸ್ ಸ್ಟ್ಯಾಂಡದಾಗ ಇದ್ದೀನಿ. ನಿನಗ ಭಜ್ಜಿ ಡಬ್ಬಿ ಕಳಸ್ಲಿಕ್ಕ ಬಂದಿದ್ದೆ. ಹಾಳಾದ ಬಸ್ಸು ಅರ್ಧಾ ತಾಸು ತಡಾ ಮಾಡ್ತು. ಕಂಡಕ್ಟರನ ಕೈಯಾಗ ಕೊಟ್ಟೀನಿ, ಹೋಗಿ ತಗೊ. ಇವತ್ತೊಂದಿನ ಹತ್ತು ನಿಮಿಷ ನಿಂದ್ರು, ಬಯ್ಯಬ್ಯಾಡ. ಲಗೂ ಬರ್ಲತ್ತೀನಿ."

ನಾನು "ಹೂಂ" ಎಂದೆ. ಅಷ್ಟೇ ಎಂದೆ.

ಹತ್ತು ನಿಮಿಷ ಆ ಪರದೆಯ ಮುಂದೆ ಕುಳಿತೆ. ದಾಜಿ ಒಳಗೆ ಬಂದರು. ಚಪ್ಪಲಿ ಬಿಟ್ಟರು, ವಿಭೂತಿಯ ಗಟ್ಟಿ ಕೈಗೆ ತೆಗೆದುಕೊಂಡು ಯಂತ್ರದ ಕಡೆ ನಡೆದರು. ನಿಂತರು. ಬಾಗಿಲು ತೆರೆದರು. ಆಮೇಲೆ ಅವರ ಬಾಯಿ ಅಲ್ಲಾಡಿತು. ಏನೋ ಹೇಳುತ್ತಿದ್ದರು, ಬಹಳ ಹೊತ್ತು ಹೇಳಿದರು. ನನಗೋ, ಅಕ್ಕನಿಗೋ, ಯಂತ್ರಕ್ಕೋ? ಅವರ ದನಿ ನಾನೇ ಬಂದ್ ಮಾಡಿಟ್ಟದ್ದು. ಮೂಲೆಯ ಆ ಸಣ್ಣ ಚಿತ್ರದ ತನಕ ಬೆರಳು ಹೋಯಿತು, ಒತ್ತುವ ಧೈರ್ಯ ಬರಲಿಲ್ಲ. ಏನು ಹೇಳಿದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ದಿನಾ ಚೂರು ಬಳಿಯುವ ಕಸಬರಿಗೆಯನ್ನು ಅವರು ಮುಟ್ಟಲಿಲ್ಲ. ಟೋಪಿ ಬಿಚ್ಚಿ ಅಂಗಾತ ಹಿಡಿದು, ಒಂದೊಂದೇ ಚೂರನ್ನು ಅದರೊಳಗೆ ಆಯ್ದು ಹಾಕತೊಡಗಿದರು.

ನಾನು ಕಂಪ್ಯೂಟರು ಹಾಗೇ ಬಿಟ್ಟು ಎದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಕಾದು ನಿಲಂಗಾದ ಬಸ್ಸು ಹತ್ತುವಾಗ ನಿಲಂಗಾದಿಂದ ಬಂದ ಬಸ್ಸೂ ಬಂತು. ಕಂಡಕ್ಟರ್ ನನ್ನನ್ನು ಗುರುತಿಸಿ ಕಿಟಕಿಯಿಂದ ಡಬ್ಬಿ ಕೊಟ್ಟ. ಇನ್ನೂ ಬೆಚ್ಚಗಿತ್ತು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು, ಬಂದ ಊರಿಗೇ ವಾಪಸು ಒಯ್ದೆ.

ಶೆಡ್ಡಿನ ಮೇಜಿನ ಮೇಲೆ ದಾಜಿ ಚೂರುಗಳನ್ನು ಹರಡಿಕೊಂಡು ಕುಳಿತಿದ್ದರು. ಒಂದರಲ್ಲಿ ಎರಡು ಬೆರಳ ತುದಿ, ಇನ್ನೊಂದರಲ್ಲಿ ಬಳೆಯ ಅಂಚಿನ ತುಂಡು. ಉಳಿದದ್ದು ಬರೀ ಜಲ್ಲಿ, ಮರಳು. ನಾನು ಬಾಗಿಲಲ್ಲೇ ನಿಂತೆ.

"ದಾಜಿ, ನಾ ನೋಡ್ಲಿಲ್ರೀ" ಎಂದೆ.

ಅವರು ತಲೆ ಎತ್ತಲಿಲ್ಲ. "ಎಷ್ಟಕ್ಕ ಒಡೀತು?" ಎಂದು ಕೇಳಿದರು.

"ಏನ್ರೀ?"

"ಎಷ್ಟು ಭಾರಕ್ಕ ಒಡೀತು ಅಂದೆ. ದಾಖಲ ಆಗಿರ್ತದಲ್ಲ?"

"ಏಳುನೂರಾ ಹನ್ನೆರಡು."

ಈಗ ತಲೆ ಎತ್ತಿದರು. "ಖರೇ ಹೇಳು. ನನ್ನ ಸಲುವಾಗಿ ಹೆಚ್ಚ ಮಾಡಿ ಹೇಳಬ್ಯಾಡ."

"ನಾ ಎಂದಾದ್ರೂ ಅಂಕಿ ತಿದ್ದೀನೇನ್ರೀ?"

ಆ ಮಾತನ್ನು ಅವರು ಒಪ್ಪಿದರು. ಎದ್ದು ಹೋಗಿ ಚೊಂಬಿನಿಂದ ನೀರು ಕುಡಿದರು. ನನಗೂ ಕೊಟ್ಟರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಆ ದಿನ ಸ್ಲ್ಯಾಬ್ ಹಾಕೂಮುಂದ ಮಿಸ್ತ್ರಿ ನೀರು ಭಾಳ ಹಾಕ್ಲತ್ತಿದ್ದ. ನಾ ನೋಡೀನಿ. ಬ್ಯಾರೇದವರ ಕೆಲಸ ಇದ್ರ ಅಲ್ಲೇ ನಿಲ್ಲಿಸ್ತಿದ್ದೆ. ಆದರ ಒಳಗ ಹೋಳಿಗಿ ಆರ್ಲತ್ತಿದ್ವು, ಮಂದಿ ಹಸ್ದಿದ್ರು, ನಿಮ್ಮಕ್ಕ ನಾಕು ಸಲ ಹಣಿಕಿ ಹಾಕಿ ಹೋಗಿದ್ಲು. ಸುಮ್ಮ ಬಿಟ್ಟೆ. ಅವತ್ತಲಿಂದ ಮಳಿ ಬಂದಾಗೆಲ್ಲ ಆಕಿ ಮಲಗಿರ್ತಿದ್ಲು, ನಾ ಛತ್ತ ನೋಡ್ಕೋತ ಕೂಡ್ತಿದ್ದೆ. ಮಂದಿದೆಲ್ಲಾ ಒಡ್ದು ಪಾಸು ನಾಪಾಸು ಮಾಡ್ದೆ. ನಂದು ಒಡಿಲಿಕ್ಕ ಧೈರ್ಯ ಆಗ್ಲಿಲ್ಲ. ಕೈ ಮೂಡ್ಯಾದ, ನಡಿಯಂಗಿಲ್ಲ ಅಂತ ನೆವಾ ಹೇಳ್ದೆ. ಮಷೀನ ಒತ್ತೂದು ಕ್ಯೂಬಿನ ಮಗ್ಗಲದ ಮ್ಯಾಲ, ಕೈ ಇದ್ದದ್ದು ತೆಲಿ ಮ್ಯಾಲ, ಪರೀಕ್ಷಾಕ್ಕ ಅಡ್ಡ ಬರೂದೇ ಇಲ್ಲ. ನಿನಗ ಹೊಳೀಲಿಲ್ಲೇನು, ಬಾಯಿಸಾಬ?"

ಹೊಳೆದಿರಲಿಲ್ಲ. ಮೂವತ್ತೆರಡು ವರ್ಷ ಇದನ್ನೇ ಕಲಿಸಿದವಳಿಗೆ ಹೊಳೆದಿರಲಿಲ್ಲ.

"ಏಳುನೂರಾ ಹನ್ನೆರಡು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಗಟ್ಟಿ ಇತ್ತು. ಆಕಿಗಿ ಹೇಳಬೇಕಿತ್ತು."

ಇದೆಲ್ಲ ನಿಜವೋ, ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತ ನನ್ನ ಮುಖ ನೋಡಿ ಆಗಿಂದಾಗ ಕಟ್ಟಿದ ಕತೆಯೋ, ನನಗೆ ತಿಳಿಯದು. ಕುರಿಯನ್ನು ಹಳ್ಳದಿಂದ ನಡೆಸಿಕೊಂಡು ಬಂದ ಮನುಷ್ಯ ಅವರು. ನಿಜವೇ ಆಗಿದ್ದರೂ ಅಕ್ಕನ ಅಂಗೈ ಅದರಿಂದ ಕೂಡಿಕೊಳ್ಳುವುದಿಲ್ಲ. ಆ ಲೆಕ್ಕ ನನ್ನ ಮೇಲೇ ಇದೆ, ಇರಲಿ.

ಗುಂಜೋಟಿಯ ಕ್ಯೂಬುಗಳಿಗೆ ಅದೇ ದಿನ ಇಪ್ಪತ್ತೆಂಟು ತುಂಬಿತ್ತು, ಬಿಡುವಂತಿರಲಿಲ್ಲ. ಶೈಲಾಳಿಗೆ ಫೋನು ಮಾಡಿ ಕಂಪ್ಯೂಟರಿನ ಹಿಡಿತ ಬಿಡಿಸಿದೆ. ದಾಜಿ ಗುಂಡಿ ಒತ್ತಿದರು, ನಡುವೆ ನಿಲ್ಲಿಸಿದರು, ಕಿವಿ ಹಚ್ಚಿದರು, ಕತೆ ಹೇಳಿದರು. ಮೂರು ಕ್ಯೂಬಿಗೆ ಎರಡೂವರೆ ತಾಸು ಹಿಡಿಯಿತು. ನಡುವೆ ಭಜ್ಜಿ ಉಂಡೆವು. ಶಾಲೆ ಪಾಸಾಯಿತು.

ಆಮೇಲೆ ದಾಜಿ ಒಂದು ಖಾಲಿ ವರದಿಯ ಫಾರಂ ನನ್ನ ಮುಂದೆ ಇಟ್ಟರು. "ಬೆಳಗಿಂದು ಗುಂಜೋಟಿ ಹೆಸರಿಲೆ ದಾಖಲ ಆಗ್ಯಾದ. ಅದನ್ನ ತಗದು ಸರಿಯಾಗಿ ಬರಿ. ನನಗ ಸಿಕ್ಕಾ ಹೊಡದ ರಿಪೋರ್ಟ್ ಬೇಕು."

ಬರೆದೆ. ಕಾಮಗಾರಿ: ನಿಲಂಗಾ, ಸ್ವಂತ ಮನೆ. ಮಾದರಿಯ ವಯಸ್ಸು ಎಂಬಲ್ಲಿ ಎಲ್ಲರಿಗೂ ಇಪ್ಪತ್ತೆಂಟು ದಿನ ಎಂದು ಬರೆಯುವ ಕೈ, ಇಪ್ಪತ್ತಾರು ವರ್ಷ ಎಂದು ಬರೆಯಿತು. ಭಾರ: ಏಳುನೂರಾ ಹನ್ನೆರಡು. ಫಲಿತಾಂಶ: ಪಾಸು. ಷರಾದ ಸಾಲಿಗೆ ಬಂದಾಗ ದಾಜಿ, "ಮಷೀನ ತಾನೇ ಚಾಲೂ ಆಯ್ತು ಅಂತ ಬರಿ, ನಡೀತದ" ಎಂದರು.

"ಎಂದಾದ್ರೂ ಸುಳ್ಳ ಬರ್ದೀನೇನ್ರೀ" ಎಂದು, 'ನಂಬರು ನೋಡದೆ, ಕೇಳದೆ, ದೂರದಿಂದ ಶುರು ಮಾಡಲಾಯಿತು' ಎಂದು ಬರೆದೆ. ಪರೀಕ್ಷೆ ಮಾಡಿದವರು ಎಂಬಲ್ಲಿ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ದಾಜಿ ಸಿಕ್ಕಾ ಒತ್ತಿ, ಮಸಿ ಆರಲೆಂದು ಬಾಯಿಂದ ಊದಿದರು. ಸಂಜೆ ಆರು ಗಂಟೆ ಹದಿನೈದು ನಿಮಿಷ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.